ಅಣ್ಣನ ಕುಡಿತಕ್ಕೆ ‘ಸಿಬಿಟಿ’ ಮಾಡ್ಸಿ ಅಂತಿದ್ದಾರೆ. ಮಾತಾಡಿದ್ರೆ ಕುಡಿತ ಬಿಡುತ್ತಾ?

ಮೂಡಿಗೆರೆ ಮಳೆ · ಏಪ್ರಿಲ್ 9, ರಾತ್ರಿ 9:40

ಎಲ್ರಿಗೂ ನಮಸ್ಕಾರ. ಇಲ್ಲಿ ಕಾಫಿ ರೇಟು, ಮೆಣಸಿನ ಬಳ್ಳಿ ರೋಗ ಅಂತ ಓದ್ಕೊಂಡು ಹೋಗ್ತಿದ್ದವಳು ನಾನು. ಬರೀತಿರೋದು ಇದೇ ಮೊದಲು, ತಪ್ಪಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ.

ನಮ್ಮಣ್ಣನಿಗೆ 41. ನಾಲ್ಕು ಎಕರೆ ತೋಟ ಇದೆ, ಜೊತೆಗೆ ಪಿಕಪ್ ಓಡಿಸ್ತಾನೆ. ಅಪ್ಪ ತೀರಿಕೊಂಡ ಮೇಲೆ ಕುಡಿತ ಜಾಸ್ತಿ ಆಯ್ತು. ಸಂಜೆ ಒಂದು ತೊಂಬತ್ತು ಅಂತಿದ್ದಿದ್ದು ಬೆಳಿಗ್ಗೆ ಹಲ್ಲುಜ್ಜೋ ಮುಂಚೆ ಬೇಕು ಅನ್ನೋ ಮಟ್ಟಕ್ಕೆ ಬಂತು. ಹೋದ ವರ್ಷ ಮನೆಯವರೆಲ್ಲ ಸೇರಿ ದೂರದ ಒಂದು ಬಿಡಿಸೋ ಕೇಂದ್ರಕ್ಕೆ ಹಾಕಿದ್ವಿ. ಎರಡು ತಿಂಗಳು. ಅಲ್ಲಿ ಕೈ ಕಟ್ಟಿ ಹಾಕ್ತಿದ್ರಂತೆ. ಬಂದ ನಾಲ್ಕನೇ ದಿನಕ್ಕೆ ಮತ್ತೆ ಅದೇ ಕತೆ.

ಈ ಸಲ ಹಾಸನದ ಸರ್ಕಾರಿ ಆಸ್ಪತ್ರೆಗೆ ಸೇರಿಸಿದ್ವಿ. ಒಂಬತ್ತು ದಿನ ಇದ್ದ, ಕೈ ನಡುಕ ನಿಂತಿದೆ, ಊಟ ಸೇರ್ತಿದೆ. ಈಗ ಡಾಕ್ಟ್ರು ಮಾತ್ರೆ ಕೊಟ್ಟು, ವಾರಕ್ಕೊಂದು ಸಲ 12 ವಾರ ಸಿಬಿಟಿಗೆ ಬನ್ನಿ ಅಂದಿದ್ದಾರೆ. ಅಂದ್ರೆ ಮನಃಶಾಸ್ತ್ರಜ್ಞರ ಹತ್ರ ಕೂತು ಮಾತಾಡೋದು. ಬೇಲೂರು ಮೇಲೆ ಹಾಸನಕ್ಕೆ ಹೋಗಿ ಬಂದ್ರೆ ಒಂದು ದಿನ ಪೂರ್ತಿ ಹೋಯ್ತು, ಪಿಕಪ್ ಬಾಡಿಗೆನೂ ಹೋಯ್ತು. ಅತ್ತಿಗೆ ಕೇಳ್ತಾರೆ, “ಮಾತಾಡಕ್ಕೆ ಹಾಸನದವರೆಗೆ ಯಾಕೆ ಹೋಗ್ಬೇಕು, ನಾನು ದಿನಾ ಮಾತಾಡ್ತಿಲ್ವಾ?”

ಮೊದಲ ವಾರ ಹೋಗಿ ಬಂದ. ಗೆರೆ ಎಳೆದಿರೋ ಒಂದು ಹಾಳೆ ಕೊಟ್ಟಿದ್ದಾರೆ, ತುಂಬ್ಕೊಂಡು ಬರ್ಬೇಕಂತೆ. ಅದು ಗಾಡಿ ಡ್ಯಾಶ್‌ಬೋರ್ಡ್ ಮೇಲೆ ಬಿದ್ದಿದೆ. “ನಾನೇನು ಮೂರನೇ ಕ್ಲಾಸಾ ಹೋಂವರ್ಕ್ ಮಾಡಕ್ಕೆ” ಅಂತಾನೆ. ಯಾರಾದ್ರೂ ಇದನ್ನ ಮಾಡಿಸಿಕೊಂಡೋರು ಇದ್ದೀರಾ?

ಅರಸೀಕೆರೆ ಕೊಬ್ಬರಿ · ಏಪ್ರಿಲ್ 9, ರಾತ್ರಿ 10:15

ತಂಗಿ, ನೇರವಾಗಿ ಹೇಳ್ತೀನಿ ಬೇಜಾರು ಮಾಡ್ಕೋಬೇಡ. ಇದೆಲ್ಲ ದುಡ್ಡು, ದಿನ ಎರಡೂ ದಂಡ. ನಮ್ಮ ಚಿಕ್ಕಪ್ಪ 22 ವರ್ಷ ಕುಡಿದೋರು, ಒಂದಿನ ಮಗಳ ತಲೆ ಮೇಲೆ ಕೈಯಿಟ್ಟು ಬಿಟ್ರು, ಇವತ್ತಿನ ತನಕ ಮುಟ್ಟಿಲ್ಲ. ಮನಸ್ಸು ಮಾಡ್ಬೇಕು ಅಷ್ಟೆ. ನಾಳೆಯಿಂದಲೇ ನಿಲ್ಸು ಅಂತ ಹೇಳಿ.

ಹೊಳೆನರಸೀಪುರದ ಸೊಸೆ · ಏಪ್ರಿಲ್ 9, ರಾತ್ರಿ 10:52

ಕೊಬ್ಬರಿ ಅಣ್ಣ, ದಯವಿಟ್ಟು ಹಂಗೆ ಎಲ್ರಿಗೂ ಹೇಳಬೇಡಿ. ನಮ್ಮ ಮಾವನೂ ನಿಮ್ಮ ಚಿಕ್ಕಪ್ಪನ ತರ ಹಠ ಹಿಡಿದು ಶಿವರಾತ್ರಿ ದಿನ ನಿಲ್ಸಿದ್ರು. ಮಾರನೇ ದಿನ ಬೆವರು, ನಡುಕ. ಮೂರನೇ ದಿನ ರಾತ್ರಿ ಗೋಡೆ ಮೇಲೆ ಇರುವೆ ಹರೀತಾವೆ ಅಂತ ಪೊರಕೆ ತಗೊಂಡು ಹೊಡೆಯಕ್ಕೆ ಶುರು ಮಾಡಿದ್ರು. ಸತ್ತು ಹೋದ ಅಕ್ಕನ ಹತ್ರ ಮಾತಾಡ್ತಿದ್ರು. ನಾವು ಗಾಳಿ ಸೋಕಿದೆ ಅಂದ್ಕೊಂಡು ತಾಯತ ಕಟ್ಟಿಸಿದ್ವಿ. ಆಮೇಲೆ ಫಿಟ್ಸ್ ಬಂತು. ಆಸ್ಪತ್ರೆಗೆ ಹೋದಾಗ ಡಾಕ್ಟ್ರು, ಅರ್ಧ ದಿನ ತಡ ಆಗಿದ್ರೆ ಕಷ್ಟ ಇತ್ತು ಅಂದ್ರು. ಇದು ಮನಸ್ಸಿನ ಗಟ್ಟಿತನದ ವಿಷ್ಯ ಅಲ್ಲವೇ ಅಲ್ಲ.

ಕ್ಲಿನಿಕ್ ಬೆಂಚು · ಏಪ್ರಿಲ್ 10, ಬೆಳಿಗ್ಗೆ 7:05

ನಾನು ಇದೇ ಜಿಲ್ಲೆಯಲ್ಲಿ ಕೆಲಸ ಮಾಡುವ ಕ್ಲಿನಿಕಲ್ ಸೈಕಾಲಜಿಸ್ಟ್. ಈ ಅಣ್ಣ ನನ್ನ ಬಳಿ ಬರುವವರಲ್ಲ, ಹಾಗಾಗಿ ಧಾರಾಳವಾಗಿ ಬರೆಯಬಹುದು.

ಮೊದಲು ಸೊಸೆಯವರು ಹೇಳಿದ್ದು. ದಿನವೂ ಬೆಳಿಗ್ಗೆಯಿಂದಲೇ ಕುಡಿಯುವವರು ಒಮ್ಮೆಗೇ ನಿಲ್ಲಿಸಿದರೆ ಕೆಲವೇ ಗಂಟೆಗಳಲ್ಲಿ ನಡುಕ, ಬೆವರು, ಗಾಬರಿ ಶುರುವಾಗುತ್ತದೆ. ಫಿಟ್ಸ್ ಬರುವುದಿದ್ದರೆ ಹೆಚ್ಚಾಗಿ ಮೊದಲ ಎರಡು ದಿನಗಳಲ್ಲಿ. ಇಲ್ಲದ ಇರುವೆ, ಹಾವು, ಮನುಷ್ಯರು ಕಾಣುವುದು, ದಿಕ್ಕು ತಪ್ಪಿದಂತಾಗುವುದು ಎರಡರಿಂದ ನಾಲ್ಕನೇ ದಿನದೊಳಗೆ. ಇದಕ್ಕೆ ಡಿಲೀರಿಯಂ ಟ್ರೆಮೆನ್ಸ್ ಎನ್ನುತ್ತಾರೆ, ಜೀವಕ್ಕೇ ಅಪಾಯ. ಲೊರಾಜಿಪಾಮ್, ಕ್ಲೋರ್‌ಡಯಾಜಿಪಾಕ್ಸೈಡ್ ತರಹದ ಔಷಧಿಯನ್ನು ಡಾಕ್ಟರ್ ಲೆಕ್ಕ ಹಾಕಿ ಕೊಟ್ಟು, ದಿನದಿನಕ್ಕೆ ಇಳಿಸುತ್ತಾರೆ. ಜೊತೆಗೆ ಥಯಮಿನ್, ಅಂದರೆ ಬಿ1 ವಿಟಮಿನ್. ಮಳೆಯವರ ಅಣ್ಣನಿಗೆ ಆ ಒಂಬತ್ತು ದಿನ ಆಗಿದ್ದು ಇದೇ.

ಅಲ್ಲಿಗೆ ದೇಹದ ಕೆಲಸ ಮುಗಿಯಿತು. ಮನೆಗೆ ಬಂದ ಮೇಲೆ ಅದೇ ಪಿಕಪ್, ಅದೇ ರಸ್ತೆ, ಅದೇ ಸ್ನೇಹಿತರು. ಸಿಬಿಟಿ, ಅಂದರೆ ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ, ಯೋಚನೆ ಮತ್ತು ನಡವಳಿಕೆಯನ್ನು ಬದಲಿಸುವ ಮಾತಿನ ಚಿಕಿತ್ಸೆ, ಬರುವುದು ಈ ಜಾಗಕ್ಕೆ. ಅತ್ತಿಗೆಯ ಪ್ರಶ್ನೆ ನನಗೆ ಬಹಳ ಇಷ್ಟವಾಯಿತು. ಅವರು ಆಡುವ ಮಾತು “ಕುಡೀಬೇಡಿ” ಎಂಬುದು. ನಾವು ಕೇಳುವುದು “ಕುಡಿಯುವ ಮುಂಚಿನ ಒಂದು ಗಂಟೆ ಏನೇನಾಯಿತು, ಒಂದೊಂದಾಗಿ ಹೇಳಿ” ಎಂದು. ಹಾಳೆ ಇರುವುದು ಅದಕ್ಕೆ.

ಕೈ ಕಟ್ಟಿ ಹಾಕುತ್ತಿದ್ದರು ಎಂದಿರಲ್ಲ, 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ರೋಗಿಗೆ ಸರಪಳಿ ಹಾಕುವುದು ಪೂರ್ತಿ ನಿಷಿದ್ಧ. ಇಂಥ ಕೇಂದ್ರಗಳಿಗೆ ನೋಂದಣಿಯೂ ಕಡ್ಡಾಯ. ಮುಂದೆ ಯಾರೇ ಸೇರಿಸುವುದಿದ್ದರೂ ನೋಂದಣಿ ಪತ್ರ ತೋರಿಸಿ ಅಂತ ಬಾಗಿಲಲ್ಲೇ ಕೇಳಿ.

ಚೆಕ್‌ರೋಲ್ · ಏಪ್ರಿಲ್ 10, ರಾತ್ರಿ 8:30

ಮಳೆ ಅವರೆ, ನಾನು ಆಲ್ದೂರು ಕಡೆ ಒಂದು ಎಸ್ಟೇಟಲ್ಲಿ ರೈಟರ್. ಸಿಬಿಟಿ ಶುರು ಮಾಡಿ 14 ತಿಂಗಳಾಯ್ತು. ನಡುವೆ ಎರಡು ಸಲ ಜಾರಿದ್ದೆ, ಅದನ್ನೂ ಹೇಳ್ತೀನಿ. ಉದ್ದ ಆಗುತ್ತೆ, ಕೂತ್ಕೊಂಡು ಓದಿ.

ಚಿಕ್ಕಮಗಳೂರಲ್ಲಿ ಮೇಡಂ ಮೊದಲ ದಿನ ಕೇಳಿದ್ರು, “ಶನಿವಾರ ಕುಡೀಬೇಕು ಅಂತ ತೀರ್ಮಾನ ಮಾಡಿದ್ದು ಯಾವಾಗ?” ನಾನಂದೆ, ಬಾರ್ ಮುಂದೆ ಗಾಡಿ ನಿಲ್ಸಿದಾಗ. ಸರಿ, ಅದಕ್ಕಿಂತ ಹತ್ತು ನಿಮಿಷ ಮುಂಚೆ ಎಲ್ಲಿದ್ರಿ? ರಸ್ತೇಲಿ. ಅದಕ್ಕೂ ಮುಂಚೆ? ಮನೇಲಿ. ಮನೆಯಿಂದ ಯಾಕೆ ಹೊರಟ್ರಿ? ಟಾರ್ಚಿಗೆ ಸೆಲ್ ತರಕ್ಕೆ. ಮನೇಲಿ ಸೆಲ್ ಇರ್ಲಿಲ್ವಾ?

ಮಾರಾಯ್ರೆ, ಮನೇಲಿ ಡ್ರಾಯರ್ ತುಂಬ ಸೆಲ್ ಇತ್ತು. ಪ್ರತಿ ಶನಿವಾರ ಬಟವಾಡೆ ಮುಗಿಸಿ, ಉಳಿದ ಚಿಲ್ರೆ ಜೇಬಲ್ಲಿಟ್ಕೊಂಡು, “ಸೆಲ್ ತಂದ್‌ಬಿಡ್ತೀನಿ” ಅಂತ ಹೆಂಡತಿಗೆ ಹೇಳ್ತಿದ್ದೆ. ನನಗೇ ಗೊತ್ತಿಲ್ದೆ ಅಲ್ಲೇ ಕುಡಿದಾಗಿತ್ತು. ಬಾಟ್ಲಿ ಬಂದಿದ್ದು ಮುಕ್ಕಾಲು ಗಂಟೆ ತಡವಾಗಿ ಅಷ್ಟೆ. 22 ವರ್ಷ ಆಳುಗಳ ಲೆಕ್ಕ ಬರ್ದೋನು, ನನ್ನ ಲೆಕ್ಕ ನಾನೇ ನೋಡಿರ್ಲಿಲ್ಲ.

ಹಾಳೆ ಕೊಟ್ಟಾಗ ನಾನೂ ನಿಮ್ಮಣ್ಣನ ತರನೇ ಎಸೆದಿದ್ದೆ. ಆಮೇಲೆ ಹಳೇ ಚೆಕ್‌ರೋಲ್ ಪುಸ್ತಕದಲ್ಲಿ, ಅಂದ್ರೆ ಆಳುಗಳ ಹಾಜರಿ ಪುಸ್ತಕದಲ್ಲಿ, ನಾನೇ ಕಾಲಂ ಹಾಕ್ಕೊಂಡೆ. ತಾರೀಕು, ಎಲ್ಲಿ, ಯಾರ ಜೊತೆ, ತಲೇಲಿ ಏನು ಓಡ್ತು, ಏನು ಮಾಡ್ದೆ, ಆಮೇಲೆ ಏನಾಯ್ತು. ಆಸೆ ಬಂದು ಕುಡೀದೆ ಇದ್ದ ದಿನ ‘ಒಂದು’. ಕುಡಿದು ಅದನ್ನ ಮುಚ್ಚಿಡದೆ ಬರೆದ್ರೆ ‘ಅರ್ಧ’. ಬರೀದೇ ಇದ್ರೆ ಗೈರು. ಮೇಡಂಗೆ ನಗು ಬಂತು, ಆದ್ರೆ ಇದೇ ಇರ್ಲಿ ಅಂದ್ರು.

ಅದ್ರಲ್ಲಿ ‘ತಲೇಲಿ ಏನು ಓಡ್ತು’ ಅನ್ನೋ ಕಾಲಂ ಮಜಾ. ತಿಂಗಳು ಕಳೆದ ಮೇಲೆ ನೋಡಿದ್ರೆ ಬರೀ ನಾಲ್ಕೈದು ಮಾತು. “ಇವತ್ತೊಂದಿನ.” “ಇಷ್ಟು ದುಡಿದಿದೀನಿ, ಇದೂ ಇಲ್ವಾ?” “ಅವಳು ಹೆಂಗೂ ಅನುಮಾನ ಪಡ್ತಾಳೆ, ಕುಡಿದೇಬಿಡಣ.” ಇನ್ನೊಂದು, “ಈ ಮಳೇಲಿ ಎಣ್ಣೆ ಇಲ್ದೆ ಮನುಷ್ಯ ಬದುಕಕ್ಕಾಗಲ್ಲ.”

ಈ ಮಳೆ ಮಾತಿಗೆ ಮೇಡಂ ಜಗಳ ಆಡ್ಲಿಲ್ಲ. ತೋಟದಲ್ಲಿ ಎಷ್ಟು ಆಳು ಅಂತ ಕೇಳಿದ್ರು. 26. ಹೆಂಗಸ್ರು? 17. ಅವ್ರು ಅದೇ ಮಳೇಲಿ ನೆನೆಯಲ್ವಾ, ಜಿಗಣೆ ಕಚ್ಚಲ್ವಾ, ಅವ್ರು ಏನು ಕುಡೀತಾರೆ? ಪ್ಲಾಸ್ಟಿಕ್ ಕೊಪ್ಪೆ ಹಾಕ್ಕೊಂಡು ಬೆಲ್ಲದ ಕಾಫಿ ಕುಡೀತಾರೆ. ನನ್ನ ಬಾಯಿಂದಲೇ ಬಂತು. ಎಣ್ಣೆ ಹೊಡೆದ್ರೆ ಚರ್ಮದ ರಕ್ತನಾಳ ಅಗಲ ಆಗಿ ಬೆಚ್ಚಗೆ ಅನ್ಸುತ್ತೆ, ಆದ್ರೆ ಮೈ ಒಳಗಿನ ಬಿಸಿ ಹೊರಗೆ ಹೋಗುತ್ತೆ ಅಂತ ಆಮೇಲೆ ಹೇಳಿದ್ರು. ಅದಕ್ಕಿಂತ ಆ 17 ಹೆಂಗಸ್ರ ಲೆಕ್ಕ ನನಗೆ ಚುಚ್ತು.

ಸೆಳೆತ ಬಂದಾಗ ಗಡಿಯಾರ ನೋಡಿ ಬರೀರಿ ಅಂದಿದ್ರು. ಮೊದಲ ಸಲ 5:40ಕ್ಕೆ ಬಂತು, 6:05ಕ್ಕೆ ಹೋಯ್ತು. ಅದು ಹೋಗುತ್ತೆ ಅಂತ ನನಗೆ ಆ ವಯಸ್ಸಲ್ಲಿ ಗೊತ್ತಾಗಿದ್ದು! ಯಾಕಂದ್ರೆ ಅದಕ್ಕೂ ಮುಂಚೆ ಒಂದ್ಸಲನೂ ಕಾಯ್ದು ನೋಡಿರ್ಲಿಲ್ಲ. ಈಗ ಕರೆಂಟ್ ಹೋದಾಗ ಕಾಯೋ ತರ ಕಾಯ್ತೀನಿ. ಬೈಯ್ಕೊಂಡು, ಅತ್ಲಾಗೆ ಇತ್ಲಾಗೆ ಓಡಾಡ್ಕೊಂಡು.

ಜಾರಿದ್ದರ ಕತೆ. ಆರನೇ ತಿಂಗಳು ನೆಂಟರ ಮನೆ ನಾಮಕರಣದಲ್ಲಿ ಒಂದು ಪೆಗ್ ಕುಡಿದೆ. ಅಲ್ಲಿಗೆ “ಹೊಳೇಲಿ ಹುಣಸೆಹಣ್ಣು ಕಿವುಚಿದ ಹಂಗಾಯ್ತು, ಇನ್ನೇನು ಉಳೀತು” ಅಂತ ನಾಲ್ಕು ದಿನ ಕುಡಿದೆ. ಆ ಒಂದು ಪೆಗ್ಗಿಗಿಂತ ಆ ಮಾತು ಹಾಳು ಮಾಡ್ತು. ಎರಡನೇ ಸಲ ಜಾರಿದಾಗ ರಾತ್ರಿನೇ ಪುಸ್ತಕದಲ್ಲಿ ‘ಅರ್ಧ’ ಹಾಕಿ ಮಲಗಿದೆ. ಬೆಳಿಗ್ಗೆ ಎದ್ದು ಮಸ್ಟರ್ ಕೂಗಿದೆ.

ಬೇಲೂರು ಬಸ್‌ಸ್ಟ್ಯಾಂಡ್ · ಏಪ್ರಿಲ್ 10, ರಾತ್ರಿ 9:02

ಚೆಕ್‌ರೋಲ್ ಸಾರ್, ಟಾರ್ಚ್ ಸೆಲ್ ಓದಿ ನಗು ಬಂತು, ಆಮೇಲೆ ನಗು ನಿಂತೋಯ್ತು. ನಂದು ಅದೇ ಕತೆ, ಸೆಲ್ ಬದಲು ಕೋಳಿ ಫೀಡು.

ಅರಸೀಕೆರೆ ಕೊಬ್ಬರಿ · ಏಪ್ರಿಲ್ 10, ರಾತ್ರಿ 10:20

ಸೊಸೆ ತಾಯಿ, ನಿಮ್ಮ ಮಾವನ ವಿಷ್ಯ ನನಗೆ ಗೊತ್ತಿರ್ಲಿಲ್ಲ. ತಪ್ಪು ಮಾತಾಡಿದ್ದೆ, ವಾಪಸ್ ತಗೊಂಡೆ. ಆದ್ರೂ ಒಂದು ಕೇಳ್ತೀನಿ ಮೇಡಂ. ಇದು ಫಾರಿನ್‌ನೋರು ಅವರ ಜನಕ್ಕೆ ಮಾಡಿದ್ದು. ಅಲ್ಲಿ ಒಬ್ಬೊಬ್ರೇ ಮನೇಲಿ ಕೂತು ಕುಡೀತಾರೆ. ನಮ್ಮಲ್ಲಿ ಬೀಗರೂಟ, ಜಾತ್ರೆ, ಎಲೆಕ್ಷನ್. ಎಲೆಕ್ಷನ್ ಟೈಮಲ್ಲಿ ಪುಕ್ಕಟೆ ಮನೆ ಬಾಗಿಲಿಗೇ ಬರುತ್ತೆ. ಹಾಳೆ ತುಂಬಿದ್ರೆ ಇದೆಲ್ಲ ನಿಲ್ಲುತ್ತಾ? 2007ರಲ್ಲಿ ಸರ್ಕಾರ ಸಾರಾಯಿ ನಿಲ್ಲಿಸ್ತು, ಜನ ನಿಲ್ಲಿಸಿದ್ರಾ? ಬ್ರಾಂಡಿಗೆ ಹೋದ್ರು.

ಕ್ಲಿನಿಕ್ ಬೆಂಚು · ಏಪ್ರಿಲ್ 11, ಬೆಳಿಗ್ಗೆ 6:50

ಕೊಬ್ಬರಿಯವರೇ, ಪ್ರಶ್ನೆ ಸರಿಯಾಗಿದೆ. ಮೂಲ ಹೊರಗಿನದೇ. 1960ರ ದಶಕದಲ್ಲಿ ಅಮೆರಿಕದ ಆರನ್ ಬೆಕ್ ಖಿನ್ನತೆಗೆಂದು ಈ ವಿಧಾನ ರೂಪಿಸಿದರು. ಚಟದ ವಿಷಯದಲ್ಲಿ ದೊಡ್ಡ ಕೆಲಸ ಮಾಡಿದವರು ಅಲನ್ ಮಾರ್ಲಟ್. ಮತ್ತೆ ಜಾರುವುದನ್ನು ತಡೆಯುವ ಕುರಿತು 1985ರಲ್ಲಿ ಜುಡಿತ್ ಗಾರ್ಡನ್ ಜೊತೆ ಪುಸ್ತಕ ತಂದರು. ಚೆಕ್‌ರೋಲ್ ಅವರ ಟಾರ್ಚ್ ಸೆಲ್ ಇದೆಯಲ್ಲ, ಮೇಲ್ನೋಟಕ್ಕೆ ಕುಡಿತಕ್ಕೆ ಸಂಬಂಧವೇ ಇಲ್ಲದ ಇಂಥ ಪುಟ್ಟ ನಿರ್ಧಾರಗಳ ಬಗ್ಗೆ ಮಾರ್ಲಟ್ ವಿವರವಾಗಿ ಬರೆದಿದ್ದಾರೆ. “ಒಂದು ಪೆಗ್ ಆಯ್ತು, ಇನ್ನೇನು ಉಳೀತು” ಎಂಬ ಯೋಚನೆಗೂ ಅವರು ಹೆಸರಿಟ್ಟಿದ್ದಾರೆ. ಆಲ್ದೂರಿನ ರೈಟರ್ ಆ ಪುಸ್ತಕ ಓದಿಲ್ಲ, ತಮ್ಮ ಪುಸ್ತಕದಲ್ಲೇ ಎರಡನ್ನೂ ಕಂಡುಕೊಂಡರು. ಇದಕ್ಕಿಂತ ಸಾಕ್ಷಿ ನನಗೆ ಬೇಡ.

ಬೀಗರೂಟವೇ ನಮ್ಮ ಪಾಠ. ಯಾರು ಲೋಟ ಕೊಡುತ್ತಾರೆ, ಏನಂತಾರೆ, ನೀವೇನು ಹೇಳುತ್ತೀರಿ ಎಂದು ನಾನು ಎದುರು ಕೂತು ಬೀಗರ ಪಾತ್ರ ಮಾಡುತ್ತೇನೆ. “ಏನ್ ಬಾವ, ನಮ್ಮನೆ ಎಣ್ಣೆ ಬೇಡ್ವಾ” ಎಂದು ನಾನೇ ಒತ್ತಾಯ ಮಾಡುತ್ತೇನೆ. ಮೊದಲ ಸಲ ಎಲ್ಲರೂ ತಡವರಿಸುತ್ತಾರೆ. ನಾಲ್ಕನೇ ಸಲಕ್ಕೆ “ಮಾತ್ರೆ ತಗೊತಿದೀನಿ ಭಾವ, ಊಟ ಬಡಿಸು” ಎಂಬ ಮಾತು ತಡೆಯಿಲ್ಲದೆ ಬರುತ್ತದೆ. ಎಲೆಕ್ಷನ್ ನಿಲ್ಲಿಸಲು ನನ್ನಿಂದಾಗದು.

ಬರೆಯಲು ಬಾರದವರು ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಾರೆ, ಫೋನಿನಲ್ಲಿ ಮಾತು ರೆಕಾರ್ಡ್ ಮಾಡಿ ತರುತ್ತಾರೆ. ಒಬ್ಬರು ಜೇಬಿನಲ್ಲಿ ಕಾಫಿ ಬೀಜ ಇಟ್ಟುಕೊಂಡು ಸೆಳೆತ ಬಂದಾಗಲೆಲ್ಲ ಒಂದನ್ನು ಎಡ ಜೇಬಿಗೆ ಹಾಕುತ್ತಿದ್ದರು.

ಹಾಗೆಂದು ಇದನ್ನು ಸಂಜೀವಿನಿ ಎಂದು ಮಾರುವುದೂ ತಪ್ಪು. ಅಮೆರಿಕದಲ್ಲಿ ಪ್ರಾಜೆಕ್ಟ್ ಮ್ಯಾಚ್ ಎಂಬ ದೊಡ್ಡ ಅಧ್ಯಯನ ನಡೆಯಿತು, ಮುಖ್ಯ ಫಲಿತಾಂಶ ಬಂದದ್ದು 1997ರಲ್ಲಿ. 1,726 ಜನ. ಕೆಲವರಿಗೆ 12 ವಾರದ ಸಿಬಿಟಿ, ಕೆಲವರಿಗೆ ಎಎ (ಆಲ್ಕೊಹಾಲಿಕ್ಸ್ ಅನಾನಿಮಸ್, ಕುಡಿತ ಬಿಡುವವರೇ ಸೇರಿ ನಡೆಸುವ ಸಭೆ) ಗುಂಪಿನ ಹನ್ನೆರಡು ಮೆಟ್ಟಿಲಿನ ದಾರಿ, ಕೆಲವರಿಗೆ ಮನಸ್ಸು ಹುರಿಗೊಳಿಸುವ ನಾಲ್ಕೇ ಭೇಟಿಗಳು. ಮೂರರಲ್ಲೂ ಜನ ಸುಧಾರಿಸಿದರು, ಮೂರರ ನಡುವೆ ಹೇಳಿಕೊಳ್ಳುವಂಥ ಅಂತರ ಇರಲಿಲ್ಲ. ಹಾಗಾಗಿ ಯಾರಿಗಾದರೂ ಎಎ ಸಭೆ ಹಿಡಿಸಿದರೆ ಅಲ್ಲಿಗೇ ಹೋಗಲಿ. ನಾಲ್ಟ್ರೆಕ್ಸೋನ್, ಅಕಾಂಪ್ರೋಸೇಟ್ ತರಹದ ಮಾತ್ರೆ ಡಾಕ್ಟರ್ ಕೊಟ್ಟಿದ್ದರೆ ಸಿಬಿಟಿಗೆ ಬರುತ್ತಿದ್ದೇವೆ ಎಂದು ಅದನ್ನು ನಿಲ್ಲಿಸಬೇಡಿ.

ಶಿಬಿರದ ಹಳೇ ಹುಲಿ · ಏಪ್ರಿಲ್ 11, ಮಧ್ಯಾಹ್ನ 1:30

ನಾನು ಧರ್ಮಸ್ಥಳ ಯೋಜನೆಯ ಮದ್ಯವರ್ಜನ ಶಿಬಿರದಲ್ಲಿ ಬಿಟ್ಟೋನು. ಭಜನೆ, ಯೋಗ, ಬಿಟ್ಟೋರ ಅನುಭವದ ಮಾತು. ಕೊನೇ ದಿನ ಹೆಂಡತಿ ಬಂದು ಪಕ್ಕ ಕೂತಾಗ ಅತ್ತಿದ್ದು ಇವತ್ತಿಗೂ ನೆನಪಿದೆ. ಸಿಬಿಟಿ ಗಿಬಿಟಿ ನನಗೆ ಗೊತ್ತಿಲ್ಲ. ಆದ್ರೆ ಶಿಬಿರ ಮುಗಿದ ಮೇಲೆ ನವಜೀವನ ಸಮಿತಿ ಅಂತ ಇರುತ್ತೆ, ಅಲ್ಲಿಗೆ ಹೋದೋರು ಉಳಿದ್ರು. ಹೋಗದೋರು ನನ್ನ ಬ್ಯಾಚಲ್ಲೇ ಎಷ್ಟೋ ಜನ ವಾಪಸ್ ಹೋದ್ರು. ಮೇಡಂ ಹೇಳೋ 12 ವಾರನೂ ಅದೇ ತರ ಇರ್ಬೇಕು ಅನ್ಸುತ್ತೆ.

ಕ್ಲಿನಿಕ್ ಬೆಂಚು · ಏಪ್ರಿಲ್ 11, ಸಂಜೆ 6:10

ಹೌದು ಸಾರ್, ಅದೇ ತರ. ನಿಮ್ಮ ಶಿಬಿರದಿಂದ ಬಂದು ನನ್ನ ಹತ್ತಿರವೂ ಕೂರುವವರಿದ್ದಾರೆ.

ಮೂಡಿಗೆರೆ ಮಳೆ · ಏಪ್ರಿಲ್ 23, ರಾತ್ರಿ 9:15

ಎಲ್ರಿಗೂ ಥ್ಯಾಂಕ್ಸ್. ಚೆಕ್‌ರೋಲ್ ಅಣ್ಣ ಬರೆದಿದ್ದನ್ನ ಅಣ್ಣನಿಗೆ ಓದಿ ಹೇಳ್ದೆ. ಟೀ ಕುಡೀತಾ ಸುಮ್ನೆ ಕೇಳ್ದ, ಏನೂ ಅನ್ಲಿಲ್ಲ. ಮಾರನೇ ದಿನ ನೋಡಿದ್ರೆ ಟ್ರಿಪ್ ಶೀಟ್ ಹಿಂದೆ ಏನೋ ಗೀಚಿದಾನೆ. ಮೂರು ಸಲ ಹಾಸನಕ್ಕೆ ಹೋಗಿ ಬಂದ.

ಈಗ ಇನ್ನೊಂದು ತಲೆನೋವು. ಅತ್ತಿಗೆಗೆ ಯಾರೋ ಹೇಳಿದ್ದಾರೆ, ಒಂದು ಮಾತ್ರೆ ಇದೆ, ಪುಡಿ ಮಾಡಿ ಸಾರಿಗೆ ಹಾಕಿದ್ರೆ ಅವನಿಗೆ ಗೊತ್ತೇ ಆಗಲ್ಲ, ಕುಡಿದ ತಕ್ಷಣ ವಾಂತಿ ಆಗಿ ತಾನೇ ಬಿಡ್ತಾನೆ ಅಂತ. ಮಾತ್ರೆ ತಂದೂ ಇಟ್ಟಿದ್ದಾರೆ. ಹಾಕಬಹುದಾ?

ಕ್ಲಿನಿಕ್ ಬೆಂಚು · ಏಪ್ರಿಲ್ 23, ರಾತ್ರಿ 9:21

ಬೇಡ. ಈಗಲೇ ಅತ್ತಿಗೆಗೆ ಫೋನ್ ಮಾಡಿ ಹೇಳಿ, ಆಮೇಲೆ ಮುಂದಿನದನ್ನು ಓದಿ.

ಅದು ಡೈಸಲ್ಫಿರಾಮ್ ಇರಬೇಕು. ಒಳ್ಳೆಯ ಔಷಧಿಯೇ, ಆದರೆ ರೋಗಿ ತಿಳಿದು, ಒಪ್ಪಿ, ಹೃದಯ ಮತ್ತು ಲಿವರ್ ಪರೀಕ್ಷೆ ಮಾಡಿಸಿಕೊಂಡು ತೆಗೆದುಕೊಳ್ಳುವಂಥದ್ದು. ಅದು ಮೈಯಲ್ಲಿರುವಾಗ ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ಬಿಪಿ ಕುಸಿದು ಜೀವ ಹೋಗಬಹುದು. ಕೊನೆಯ ಮಾತ್ರೆ ನುಂಗಿ ಎರಡು ವಾರದವರೆಗೂ ಆ ಅಪಾಯ ಇರುತ್ತದೆ. ಗೊತ್ತಿಲ್ಲದೆ ತಿಂದವನಿಗೆ ತಾನೇಕೆ ಸಾಯುತ್ತಿದ್ದೇನೆ ಎಂಬುದೂ ತಿಳಿಯುವುದಿಲ್ಲ. ಅವರು ಪಿಕಪ್ ಬೇರೆ ಓಡಿಸುತ್ತಾರೆ.

ಹೊಳೆನರಸೀಪುರದ ಸೊಸೆ · ಏಪ್ರಿಲ್ 23, ರಾತ್ರಿ 9:48

ಅತ್ತಿಗೆ ಮೇಲೆ ಸಿಟ್ಟು ಮಾಡ್ಬೇಡಿ. ಎಷ್ಟು ಸಾಕಾಗಿದ್ರೆ ಹೆಂಗಸು ಸಾರಿಗೆ ಮಾತ್ರೆ ಹಾಕೋ ಯೋಚ್ನೆ ಮಾಡ್ತಾಳೆ. ಅವರನ್ನೂ ಒಂದಿನ ಹಾಸನಕ್ಕೆ ಕರ್ಕೊಂಡು ಹೋಗಿ, ಅವರ ಮಾತೂ ಯಾರಾದ್ರೂ ಕೇಳ್ಲಿ. ನಮ್ಮತ್ತೆಗೆ ಆ ಅವಕಾಶನೇ ಸಿಗ್ಲಿಲ್ಲ.

ಮೂಡಿಗೆರೆ ಮಳೆ · ಏಪ್ರಿಲ್ 23, ರಾತ್ರಿ 10:05

ಫೋನ್ ಮಾಡಿದೆ. ಮಾತ್ರೆ ಒಲೆಗೆ ಹಾಕಿದ್ರಂತೆ. ಅತ್ತರು. ಮುಂದಿನ ವಾರ ಅವರೂ ಜೊತೆಗೆ ಹೋಗ್ತಾರೆ.

ಬೇಲೂರು ಬಸ್‌ಸ್ಟ್ಯಾಂಡ್ · ಏಪ್ರಿಲ್ 24, ಬೆಳಿಗ್ಗೆ 11:00

ನನಗೂ ಶುರು ಮಾಡ್ಬೇಕು ಅಂತಿದೆ, ಹಾಸನಕ್ಕೆ ವಾರ ವಾರ ಹೋಗಕ್ಕಾಗಲ್ಲ. ಹತ್ರದಲ್ಲಿ ಏನಾದ್ರೂ ಇದೆಯಾ ಮೇಡಂ? ದಿನಾ ಒಂದು ಕ್ವಾರ್ಟರ್, ಬೆಳಿಗ್ಗೆ ಬೇಕು ಅನ್ಸಲ್ಲ.

ಕ್ಲಿನಿಕ್ ಬೆಂಚು · ಏಪ್ರಿಲ್ 24, ಸಂಜೆ 7:30

ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಮನೋಚೈತನ್ಯ ಕ್ಲಿನಿಕ್ ಯಾವ ಮಂಗಳವಾರ ಎಂದು ವಿಚಾರಿಸಿ, ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದವರು ಬರುತ್ತಾರೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿಗಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಚಟದ ವಿಷಯಕ್ಕೇ ಮೀಸಲಾದ ರಾಷ್ಟ್ರೀಯ ಸಹಾಯವಾಣಿ 14446. ಬೆಳಿಗ್ಗೆ ಬೇಕು ಅನ್ನಿಸದೇ ಇರುವುದು ಒಳ್ಳೆಯದೇ, ಆದರೂ ನಿಲ್ಲಿಸುವ ಮುಂಚೆ ಒಮ್ಮೆ ಡಾಕ್ಟರಿಗೆ ತೋರಿಸಿ.

ನೀವು ಕೇಳಿದ್ದೇ ದೊಡ್ಡದು. 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಕುಡಿತಕ್ಕೆ ದಾಸರಾದ 38 ಜನರಲ್ಲಿ ಯಾವುದಾದರೂ ಚಿಕಿತ್ಸೆ ಸಿಕ್ಕಿದ್ದು ಒಬ್ಬರಿಗೆ.

ಅರಸೀಕೆರೆ ಕೊಬ್ಬರಿ · ಏಪ್ರಿಲ್ 24, ರಾತ್ರಿ 8:12

ಮೇಡಂ, ಈ ಮೊಬೈಲ್ ರಮ್ಮಿಗೂ ಈ ಹಾಳೆ ಆಗುತ್ತಾ? ನನಗಲ್ಲ. ಮಗನಿಗೆ.

ಕ್ಲಿನಿಕ್ ಬೆಂಚು · ಏಪ್ರಿಲ್ 24, ರಾತ್ರಿ 8:40

ಆಗುತ್ತದೆ. ಜೂಜಿನ ಚಟಕ್ಕೂ ಸಿಬಿಟಿ ಬಳಸುತ್ತಾರೆ. “ಹೋದದ್ದನ್ನ ಇದೊಂದು ಆಟದಲ್ಲಿ ವಾಪಸ್ ತಗೋತೀನಿ” ಎಂಬ ಮಾತನ್ನು ಹಾಳೆಯಲ್ಲಿ ಹಿಡಿಯಬೇಕು. ಕರೆದುಕೊಂಡು ಬನ್ನಿ, ಬೈಯದೆ.

ಮೂಡಿಗೆರೆ ಮಳೆ · ಜೂನ್ 3, ರಾತ್ರಿ 9:30

ತುಂಬ ದಿನ ಆಯ್ತು, ಕ್ಷಮಿಸಿ. ಮಳೆ ಶುರುವಾಗಿ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ.

ಏಳು ವಾರ ಚೆನ್ನಾಗಿತ್ತು. ಹೋದ ಭಾನುವಾರ ಚನ್ನರಾಯಪಟ್ಟಣದ ಕಡೆ ಬೀಗರೂಟ ಇತ್ತು. ಅಣ್ಣ ಕುಡ್ಕೊಂಡು ಬಂದ. ಅತ್ತಿಗೆ ಮಾತು ಬಿಟ್ಟಿದ್ದಾರೆ. ನನಗೆ ಮತ್ತೆ ಮೊದಲಿಂದ ಅನ್ನಿಸಿ ಕೈಕಾಲೇ ಬಿದ್ದೋಗಿತ್ತು. ಆದ್ರೆ ಸೋಮವಾರ ಕುಡಿದಿಲ್ಲ, ನಿನ್ನೆ ಇವತ್ತೂ ಇಲ್ಲ. ಸೋಮವಾರ ಬೆಳಿಗ್ಗೆ ಅವನೇ ಹಾಸನಕ್ಕೆ ಫೋನ್ ಮಾಡಿದಾನೆ. ಟ್ರಿಪ್ ಶೀಟ್ ಹಿಂದೆ ಭಾನುವಾರದ ಎದುರು ‘ಅರ್ಧ’ ಅಂತ ಬರೆದಿದಾನೆ. ಚೆಕ್‌ರೋಲ್ ಅಣ್ಣ, ನಿಮ್ಮ ಲೆಕ್ಕ.

ಚೆಕ್‌ರೋಲ್ · ಜೂನ್ 3, ರಾತ್ರಿ 9:55

ನನ್ನ ಮೊದಲ ಸಲ ನಾಲ್ಕು ದಿನ ಆಗಿತ್ತು. ನಿಮ್ಮಣ್ಣಂದು ಒಂದೇ ದಿನ. ಅತ್ತಿಗೆಗೆ ಇದನ್ನ ತೋರಿಸಿ.

ಕ್ಲಿನಿಕ್ ಬೆಂಚು · ಜೂನ್ 4, ಬೆಳಿಗ್ಗೆ 6:45

ಅವರೇ ಫೋನ್ ಮಾಡಿದರಲ್ಲ, ಏಳು ವಾರದ ಕೆಲಸ ಅದರಲ್ಲಿದೆ. ಅವರಿಗೆ ಬೇಸರವಿಲ್ಲದಿದ್ದರೆ ಒಂದು ಕೇಳಿ ನೋಡಿ. ಬೀಗರೂಟದಲ್ಲಿ ಕುಡಿಯುವುದು ಅಂತ ಆಗಿದ್ದು ಯಾವಾಗ?

ಮೂಡಿಗೆರೆ ಮಳೆ · ಜೂನ್ 4, ರಾತ್ರಿ 8:20

ಕೇಳಿದೆ. ಸುಮಾರು ಹೊತ್ತು ಸುಮ್ನಿದ್ದ. ಆಮೇಲೆ ಅಂದ, ಎಂಟು ದಿನ ಮುಂಚೆ, ಮೂಡಿಗೆರೇಲಿ ಹೊಸ ಅಂಗಿ ಹೊಲಿಯಕ್ಕೆ ಕೊಟ್ಟಾಗ. ಟೈಲರಿಗೆ “ಜೇಬು ಸ್ವಲ್ಪ ದೊಡ್ಡದಿರ್ಲಿ” ಅಂದಿದ್ನಂತೆ. ಕ್ವಾರ್ಟರ್ ಹಿಡಿಸ್ಬೇಕಲ್ಲ.

ಚೆಕ್‌ರೋಲ್ · ಜೂನ್ 4, ರಾತ್ರಿ 8:34

ಹಂಗಾದ್ರೆ ಭಾನುವಾರದ ಸಾಲಲ್ಲಿ ‘ಎಲ್ಲಿ’ ಅನ್ನೋ ಕಾಲಂಗೆ ಚನ್ನರಾಯಪಟ್ಟಣ ಹೊಡೆದು ಹಾಕಿ, ಟೈಲರ್ ಅಂಗಡಿ ಅಂತ ಬರೆಯಕ್ಕೆ ಹೇಳಿ.